ಶಟರ್ ಮರೆಯದ ಕಾರು

ಬುಧವಾರ ಬೆಳಿಗ್ಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಕುತ್ತಿಗೆಯಲ್ಲಿ ಅಳತೆ ಟೇಪು ಇನ್ನೂ ನೇತಾಡುತ್ತಿತ್ತು. ಹೊಲಿಗೆ ಯಂತ್ರದ ಮುಂದಿನಿಂದ ಎದ್ದವಳು ನೇರ ಇಲ್ಲಿಗೇ ಬಂದಿದ್ದಳು.

"ನಮ್ಮ ಕಾರ್ ಶೆಡ್ಡಿಗೆ ಮಧ್ಯಾಹ್ನದ ಹೊತ್ತು ಯಾರೋ ಬಂದು ಹೋಗ್ತಾರೆ ಸಾರ್."

"ಏನು ಕಳುವಾಗಿದೆ?" ಇನ್‌ಸ್ಪೆಕ್ಟರ್ ಕೇಳಿದರು.

"ಏನೂ ಇಲ್ಲ."

"ಬೀಗ ಒಡೆದಿದಾರಾ?"

"ಒಡೆದಿದ್ರೆ ಎಷ್ಟೋ ಚೆನ್ನಾಗಿತ್ತು." ಅವಳು ಮೇಜಿನ ಅಂಚು ಹಿಡಿದುಕೊಂಡಳು. "ಅದು ರಿಮೋಟ್ ಶಟರ್ರು. ಒಂದು ರಿಮೋಟು ನಮ್ಮ ಯಜಮಾನ್ರ ಹತ್ರ, ಇನ್ನೊಂದು ನನ್ನ ಹತ್ರ. ಅವ್ರು ಬ್ಯಾಂಕಲ್ಲಿರ್ತಾರೆ. ನೀಲಿ ಕಾರೊಂದು ಒಳಗೆ ಹೋಗಿದ್ದನ್ನ ಎದುರುಮನೆಯವ್ರು ನೋಡಿ ಅವ್ರಿಗೆ ಹೇಳಿದಾರೆ. ಬಾಗಿಲು ತೆಗೆದಿದ್ದು ಯಾರು ಅಂತ ಹೇಳೋಕೆ ದೊಡ್ಡ ಬುದ್ಧಿ ಬೇಕಾ? ಅವ್ರು ನನ್ನ ಜೊತೆ ಮಾತು ಬಿಟ್ಟಿದಾರೆ. ಭಾನುವಾರ ಅತ್ತೆ, ದೊಡ್ಡಮಾವ ಎಲ್ಲ ಬಂದು ನನ್ನ ವಿಚಾರ ತೀರ್ಮಾನ ಮಾಡ್ತಾರಂತೆ. ಅಷ್ಟರೊಳಗೆ ನೀವು ಅವನನ್ನ ಹಿಡೀಬೇಕು."

ಅತಿಕ್ರಮ ಪ್ರವೇಶವೆಂದು ಎಫ್‌ಐಆರ್ ದಾಖಲಾಯಿತು. ಬರೆದವನು, ಪಂಚನಾಮೆ ಬರೆಯುವ ಹುಚ್ಚಿನಿಂದಾಗಿ 'ಪಂಚನಾಮೆ' ಎಂದೇ ಹೆಸರಾಗಿದ್ದ ಕಾನ್‌ಸ್ಟೇಬಲ್. ಅವಳು ಹೋದ ಮೇಲೆ ಪೆನ್ನು ಮುಚ್ಚುತ್ತ, "ಏನೂ ಕದಿಯದ ಕಳ್ಳ. ಇಂಥವ್ರೇ ಊರು ತುಂಬ ಇದ್ದಿದ್ರೆ ನಮಗೂ ಹಬ್ಬಕ್ಕೆ ರಜಾ ಸಿಕ್ತಿತ್ತು ಸಾರ್" ಎಂದ. ಇನ್‌ಸ್ಪೆಕ್ಟರ್ ನಗಲಿಲ್ಲ. ಅವಳ ಬೆರಳುಗಳ ಹಿಡಿತಕ್ಕೆ ಮೇಜಿನ ಮೇಲೆ ಬೆವರಿನ ಗುರುತು ಉಳಿದಿತ್ತು.

ಶೆಡ್ಡು ಖಾಲಿಯಿತ್ತು. ದಂಪತಿಗಳಿಗೆ ಇದ್ದದ್ದು ಒಂದು ಸ್ಕೂಟರು, ಅದು ಗಂಡನ ಜೊತೆ ಬ್ಯಾಂಕಿಗೆ ಹೋಗುತ್ತಿತ್ತು. ನೆಲದಲ್ಲಿ ವರ್ಷಗಟ್ಟಲೆ ಆಯಿಲ್ ಕುಡಿದು ಕಪ್ಪಾದ ಒಂದು ಕಲೆ. ಅದರ ನಟ್ಟನಡುವೆ ಹೊಸ ಹನಿಗಳು ಹೊಳೆಯುತ್ತಿದ್ದವು. ಗೋಡೆಯಲ್ಲೊಂದು ಮೊಳೆ, ಅದರ ಪಕ್ಕ ಕ್ಯಾಲೆಂಡರು ತೂಗಿದ್ದ ಜಾಗದ ಬಿಳಿ ಚೌಕ. ಹಳೆಯ ರಬ್ಬರಿನ, ಪೆಟ್ರೋಲಿನ ವಾಸನೆಗೆ ಇನ್‌ಸ್ಪೆಕ್ಟರ್ ಒಂದು ಗಳಿಗೆ ಅಲ್ಲೇ ನಿಂತುಬಿಟ್ಟರು. ಚಿಕ್ಕಂದಿನಲ್ಲಿ ಅವರ ಸೋದರಮಾವನ ಶೆಡ್ಡಿನಲ್ಲಿ ಚಕ್ರವಿಲ್ಲದ ಕಾರೊಂದಿತ್ತು. ಶಾಲೆಗೆ ರಜೆ ಬಿಟ್ಟರೆ ಸಾಕು, ಅದರಲ್ಲಿ ಕೂತು ಬಾಯಲ್ಲೇ ಗೇರು ಹಾಕಿ ಕತ್ತಲಾಗುವ ತನಕ ಊರೂರು ತಿರುಗುತ್ತಿದ್ದರು. ಅತ್ತೆ ಬಂದು ಕಿವಿ ಹಿಂಡಿದಾಗಲೇ ಆ ಕಾರಿಗೆ ಬ್ರೇಕು.

"ಸಾರ್, ಹನಿ ಅಂತ ಬರೀಲೋ, ತೊಟ್ಟು ಅಂತ ಬರೀಲೋ?" ಪಂಚನಾಮೆ ಕೇಳಿದ.

"ಹನಿ. ಹಳೇ ಕಲೆಯ ಮೇಲೇ ಬಿದ್ದಿದೆ ಅಂತಲೂ ಬರಿ. ಬಂದವನಿಗೆ ಕಾರು ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತು."

ಸಂಜೆ ಶಟರ್ ರಿಪೇರಿಯವನನ್ನು ಕರೆಸಿದರು. ಅವನು ಏಣಿ ಹತ್ತಿ, ಚಾವಣಿಗೆ ತಗುಲಿದ್ದ ಮೋಟರಿನ ಮುಚ್ಚಳ ತೆಗೆದು ಸಣ್ಣ ಗುಂಡಿಯೊಂದನ್ನು ತೋರಿಸಿದ.

"ಇದನ್ನ ಒತ್ತಿದ್ರೆ ಮೋಟರು ಅರ್ಧ ನಿಮಿಷ ಕಿವಿ ತೆರ್ಕೊಂಡಿರುತ್ತೆ. ಅಷ್ಟರೊಳಗೆ ಯಾವ ರಿಮೋಟು ಒತ್ತಿದ್ರೂ ಅದರ ಗುರುತು ಹಿಡಿಯುತ್ತೆ. ಕೆಲವು ಕಾರಲ್ಲಿ ಕನ್ನಡಿ ಪಕ್ಕದಲ್ಲೇ ಗುಂಡಿ ಇರುತ್ತೆ, ಬೇರೆ ರಿಮೋಟೇ ಬೇಡ. ಆ ಕಾರಿನ ಗುರುತನ್ನೂ ಮೋಟರಿಗೆ ಹೀಗೇ ಕಲಿಸೋದು."

"ಇವ್ರ ರಿಮೋಟುಗಳ ಗುರುತು ಕಲಿಸಿದ್ದು ನೀನೇನಾ?"

"ಹೂಂ ಸಾರ್. ಮನೆ ಕೊಂಡ ದಿನ."

"ಹಳೇದನ್ನ ಅಳಿಸಿದ್ಯಾ?"

"ಹಳೇ ಎರಡು ರಿಮೋಟನ್ನೂ ಯಜಮಾನ್ರು ಸುತ್ತಿಗೆ ತಗೊಂಡು ಪುಡಿಪುಡಿ ಮಾಡಿದ್ರು. ಇನ್ನೇನು ಅಳಿಸೋದು ಅಂತ..."

"ಹೊಸದನ್ನ ಕಲಿತ ಮೇಲೆ ಇದು ಹಳೇದನ್ನ ಮರೆಯುತ್ತಾ?"

ರಿಪೇರಿಯವನು ಏಣಿಯ ಮೇಲೇ ತಲೆ ಕೆರೆದುಕೊಂಡ. "ಇಲ್ಲ ಸಾರ್. ನಾವಾಗಿ ಮರೆಸಬೇಕು."

ಏಣಿ ಇಳಿದು ಕಾರಿನೊಳಗೆ ಓಡುವಷ್ಟರಲ್ಲಿ ಅರ್ಧ ನಿಮಿಷ ಮುಗಿದುಹೋಗುತ್ತದೆ. ಮೇಲೊಬ್ಬ, ಕಾರಿನಲ್ಲೊಬ್ಬ ಬೇಕು. ಇನ್‌ಸ್ಪೆಕ್ಟರ್ ಇವರಿಗೆ ಮನೆ ಮಾರಿದವಳಿಗೆ, ಮೊದಲು ಅಲ್ಲಿದ್ದು ತೀರಿಕೊಂಡ ಡಾಕ್ಟರ ಮಗಳಿಗೆ, ಫೋನು ಮಾಡಿದರು. ಪ್ರಶ್ನೆ ಕೇಳುತ್ತಲೇ ಆಕೆ ನಗತೊಡಗಿದಳು.

"ಅಯ್ಯೋ, ಆ ದಿನಾನಾ? ಅಪ್ಪ ಏಣಿ ಮೇಲೆ, ಡ್ರೈವರಣ್ಣ ಕಾರಲ್ಲಿ. ಅಪ್ಪ 'ಒತ್ತೋ!' ಅಂತ ಕೂಗೋದು, ಅಣ್ಣ ಗಾಬರೀಲಿ ಹಾರನ್ ಒತ್ತೋದು! ನಾನು ಅಮ್ಮ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡ್ಕೊಂಡು ನಗ್ತಿದ್ವಿ. ಕೊನೆಗೆ ಬಾಗಿಲು ಎದ್ದಾಗ ಇಬ್ರೂ ಏನೋ ಗೆದ್ದವ್ರ ಥರ ಕೈ ಕುಲುಕಿದ್ರು."

"ಆ ಕಾರು ಈಗೆಲ್ಲಿದೆ?"

"ಅಪ್ಪ ಹೋದ್ಮೇಲೆ ಡ್ರೈವರಣ್ಣನಿಗೇ ಕೊಟ್ವಿ. ಯಾಕೆ ಸಾರ್, ಅವ್ರಿಗೇನಾದ್ರೂ ಆಯ್ತಾ?"

ಶುಕ್ರವಾರ ಮಧ್ಯಾಹ್ನ ಇನ್‌ಸ್ಪೆಕ್ಟರ್, ಪಂಚನಾಮೆ, ಬ್ಯಾಂಕಿನಿಂದ ಕರೆಸಿದ್ದ ಗಂಡ, ಮೂವರೂ ಅಡುಗೆಮನೆಯಿಂದ ಶೆಡ್ಡಿಗೆ ತೆರೆಯುವ ಬಾಗಿಲ ಹಿಂದೆ ನಿಂತರು. ಮಹಡಿಯ ಮೇಲೆ ಅವಳು ಎಂದಿನಂತೆ ಯಂತ್ರ ತುಳಿಯುತ್ತಿದ್ದಳು. ಎರಡೂವರೆಗೆ ಶಟರ್ ಗುಂಯ್‌ಗುಟ್ಟುತ್ತ ಮೇಲೆದ್ದಿತು. ಗಂಡ ತಲೆಯೆತ್ತಿ ಚಾವಣಿ ನೋಡಿದ. ಮಹಡಿಯ ಮೇಲೆ ಯಂತ್ರ ಒಂದೇ ಸಮ ಓಡುತ್ತಿತ್ತು. ಅವನ ಮುಖ ಇಳಿದುಹೋಯಿತು.

ಸ್ವಲ್ಪ ಹೊತ್ತು ಬಿಟ್ಟು ಅವರು ಒಳಹೊಕ್ಕಾಗ ಮೊಳೆಯಲ್ಲಿ ಬಿಳಿ ಅಂಗಿ ತೂಗುತ್ತಿತ್ತು. ಬನಿಯನ್ ತೊಟ್ಟ ಮನುಷ್ಯನೊಬ್ಬ ಸೀಟು ಹಿಂದಕ್ಕೆ ಬಾಗಿಸಿ, ಬಾಯಿ ತೆರೆದು ನಿದ್ದೆ ಹೋಗಿದ್ದ. ಇನ್‌ಸ್ಪೆಕ್ಟರ್ ಗಾಜು ತಟ್ಟಿದರು.

"ಬಂದೆ ಡಾಕ್ಟ್ರೇ!" ಕಣ್ಣು ಬಿಡುವ ಮೊದಲೇ ಅವನ ಕೈ ಕೀಲಿಗೆ ಹೋಗಿತ್ತು. ಆಮೇಲೆ ಖಾಕಿ ಕಂಡಿತು.

"ಬಾಗಿಲು ತೆಗೆದಿದ್ದು ಯಾರು?"

"ನಾನೇ ಸಾರ್. ಈ ಗುಂಡೀಲಿ."

"ಇಲ್ಲಿಗೆ ಯಾಕೆ ಬರ್ತೀರಿ?"

"ಮಲಗೋಕೆ."

"ಮನೇಲಿ ಹಾಸಿಗೆ ಇಲ್ವಾ?"

"ಇದೆ ಸಾರ್. ಅಲ್ಲಿ ಯಾರೂ ಎಬ್ಬಿಸೋದಿಲ್ಲ." ಅವನು ಅಂಗಿಗೆ ಕೈ ಚಾಚಿದ. "ಡಾಕ್ಟ್ರು ಸಂಜೆ ಕ್ಲಿನಿಕ್ಕಿಗೆ ಹೊರಡುವಾಗ ಗಾಜು ತಟ್ಟೋರು. ಅವ್ರು ಬರೋ ತನಕ ಕಣ್ಮುಚ್ಚೋದು. ಆ ನಿದ್ದೆ ಬೇರೆ ಎಲ್ಲೂ ಹತ್ತಲಿಲ್ಲ."

"ಮನೇಲಿ ಜನ ಇದಾರೆ ಅಂತ ಗೊತ್ತಿರ್ಲಿಲ್ವಾ?"

"ಯಂತ್ರದ ಸದ್ದು ಕೇಳ್ತಿತ್ತು. ಹಿಂದೆ ಅಮ್ಮಾವ್ರೂ ಮೇಲೆ ಕೂತು ಹೊಲೀತಿದ್ರು. ಆ ಸದ್ದು ಕೇಳಿ... ಎಲ್ಲ ಹಾಗೇ ಇದೆ ಅನ್ನಿಸಿಬಿಡ್ತಿತ್ತು."

ಅವಳು ಇಳಿದು ಬಂದು ಬಾಗಿಲಲ್ಲಿ ನಿಂತಿದ್ದಳು.

"ನೀವು ಇಲ್ಲಿ ಹಾಯಾಗಿ ಮಲಗಿದ್ರಿ," ಎಂದಳು. "ನಾನು ಕಣ್ತುಂಬ ನಿದ್ದೆ ಮಾಡಿ ತಿಂಗಳಾಯ್ತು."

ಅವನಿಗೆ ಅರ್ಥವಾಗಲಿಲ್ಲ. ಪಂಚನಾಮೆ ತಗ್ಗಿದ ದನಿಯಲ್ಲಿ ವಿಷಯ ಹೇಳಿದಾಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. "ಮಗಳಂಥೋಳು ನೀನು. ನನ್ನಿಂದ ನಿಂಗೆ ಇಂಥಾ ಮಾತಾ ತಾಯಿ?"

"ಆ ಗುಂಡಿ ಒತ್ತೋದನ್ನ ಬೀದೀಲಿ ನಿಲ್ಲಿಸಿ ಮಾಡಿಸಿ ಸಾರ್," ಅವಳು ಇನ್‌ಸ್ಪೆಕ್ಟರಿಗೆ ಹೇಳಿದಳು. "ಎಲ್ಲರೂ ನೋಡಲಿ."

ಎದುರುಮನೆಯವರನ್ನೇ ಪಂಚರನ್ನಾಗಿ ಕರೆದರು. ಎರಡೂ ರಿಮೋಟು ಇನ್‌ಸ್ಪೆಕ್ಟರ ಕೈಯಲ್ಲಿದ್ದವು. ಡ್ರೈವರ್ ಕಾರನ್ನು ಬೀದಿಗೆ ತಂದು ಕನ್ನಡಿಯ ಪಕ್ಕದ ಗುಂಡಿ ಒತ್ತಿದ. ಶಟರ್ ಇಳಿಯಿತು. ಮತ್ತೆ ಒತ್ತಿದ, ಎದ್ದಿತು.

"ನಾನು ಆಗ್ಲೇ ಅಂದಿದ್ನಲ್ಲ, ಆ ಹುಡುಗಿ ಅಂಥೋಳಲ್ಲ ಅಂತ," ಎದುರುಮನೆಯಾಕೆ ಅಂದರು. ಪಂಚನಾಮೆ ಅದನ್ನೂ ಬರೆದುಕೊಳ್ಳುತ್ತಿದ್ದ. ಇನ್‌ಸ್ಪೆಕ್ಟರ್ ಹೊಡೆದುಹಾಕಿಸಿದರು.

ಗಂಡ ಮೆಲ್ಲಗೆ ಅವಳ ಪಕ್ಕಕ್ಕೆ ಸರಿದ. "ಭಾನುವಾರ ಬರೋದು ಬೇಡ ಅಂತ ಅಮ್ಮನಿಗೆ ಫೋನ್ ಮಾಡ್ತೀನಿ."

"ಬರಲಿ," ಅವಳು ತಿರುಗಿಯೂ ನೋಡಲಿಲ್ಲ. "ಎಲ್ಲರೂ ಬರಲಿ. ಈ ಸಲ ಮಾತಾಡೋಳು ನಾನು."

ಬಂಧನದ ವಿಷಯವನ್ನು ಡಾಕ್ಟರ ಮಗಳಿಗೆ ತಿಳಿಸಲಾಯಿತು. ಜಾಮೀನಿಗೆ ತಾನೇ ಬರುತ್ತೇನೆಂದಳು. ರಿಪೇರಿಯವನು ಮೋಟರಿನ ಗುಂಡಿಯನ್ನು ದೀಪ ಆರುವ ತನಕ ಒತ್ತಿ ಹಿಡಿದು ಎಲ್ಲ ಗುರುತುಗಳನ್ನೂ ಅಳಿಸಿದ. ಕದಿಯುವ ಉದ್ದೇಶವಿರಲಿಲ್ಲ ಎಂದು ಇನ್‌ಸ್ಪೆಕ್ಟರ್ ಕೇಸ್ ಡೈರಿಯಲ್ಲಿ ಬರೆದರು. ಆರೋಪಿ ಜೀವಮಾನವಿಡೀ ಇನ್ನೊಬ್ಬರಿಗಾಗಿ ಕಾಯುವ ಕೆಲಸ ಮಾಡಿದವನು, ಕಾಯಲು ಯಾರೂ ಉಳಿಯದ ಮೇಲೆ ಕಾಯುತ್ತಿದ್ದ ಜಾಗಕ್ಕೆ ಬರುತ್ತಿದ್ದ.

ಜೀಪಿನ ಹತ್ತಿರ ಡ್ರೈವರ್ ತಾನೇ ಮುಂದಾಗಿ ಹೋಗಿ ಹಿಂಬದಿಯ ಬಾಗಿಲು ತೆರೆದು, ಹಿಡಿದು, ಪಕ್ಕಕ್ಕೆ ಸರಿದು ನಿಂತ.

"ನೀವು ಹತ್ತಿ," ಎಂದರು ಇನ್‌ಸ್ಪೆಕ್ಟರ್.

ಅವನು ಸೀಟಿನ ತುದಿಯಲ್ಲಿ ಮೊಣಕಾಲು ಜೋಡಿಸಿ ಕೂತ. ಕೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡ. ಜೀಪು ಹೊರಟಿತು.

"ಮುಂದಿನ ತಿರುವಲ್ಲಿ ನಿಧಾನ ಕಣಪ್ಪಾ," ಜೀಪು ಓಡಿಸುವವನಿಗೆ ಹೇಳಿದ. "ಶಾಲೆ ಬಿಡೋ ಹೊತ್ತು."