ಒಂದು ಕಿವಿ ಬಾಕಿ ಉಂಟು

"ದಿಶಾ, ಫೋನ್ ಮುಟ್ಬೇಡ!" ಅಪ್ಪ ಬಾತ್‌ರೂಮಿನ ಒಳಗಿಂದಲೇ ಕೂಗಿದರು.

ದಿಶಾ ಆಗಲೇ ಮುಟ್ಟಿಯಾಗಿತ್ತು.

ನಾಳೆ ಅವಳ ಪುಟ್ಟ ತಂಗಿಗೆ ಹೆಸರಿಡುವ ದಿನ. ಹೆಸರು ಏನೆಂದು ಅಪ್ಪ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಅಮ್ಮನಿಗೊಬ್ಬಳಿಗೆ ಗೊತ್ತಿತ್ತು. ಅವಳ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದರು. ಅದು ತುಂಬ ಅಪರೂಪದ ಹೆಸರಂತೆ. ಅಪ್ಪನ ಆಫೀಸಿನ ಇನ್ನೊಬ್ಬರ ಮನೆಯಲ್ಲೂ ಪಾಪು ಬರುವುದಿತ್ತು. ಅವರು ಹೆಸರು ಕದ್ದುಬಿಟ್ಟರೆ? ವಿಲ್ಲಿಂಗ್ಡನ್ ಐಲ್ಯಾಂಡಿನ ಬಂದರಿನ ಕಸ್ಟಮ್ಸ್ ಆಫೀಸಿನಲ್ಲಿ ದಿನವಿಡೀ ಬೇರೆಯವರ ಪೆಟ್ಟಿಗೆ ಬಿಚ್ಚಿಸಿ ನೋಡುವ ಮನುಷ್ಯ, ಮನೆಯ ಗುಟ್ಟಿಗೆ ಮಾತ್ರ ಗಟ್ಟಿ ಬೀಗ ಹಾಕಿದ್ದರು.

ಆದರೆ ಫೋನಿಗೆ ಲಾಕ್ ಹಾಕಲು ಮರೆತಿದ್ದರು.

'ಅತಿ ಅಪರೂಪದ ಹೆಣ್ಣು ಹೆಸರುಗಳು' ಎಂದು ತಲೆಬರಹ. ಕೆಳಗೆ ಒಂದು ಹೆಸರಿಗೆ ಅಪ್ಪ ಹೃದಯದ ಗುರುತು ಒತ್ತಿದ್ದರು.

'ಝಿಯಾನ್ವಿ. ಮೂಲ: ಸಂಸ್ಕೃತ, ಗ್ರೀಕ್, ಆಫ್ರಿಕನ್. ಅರ್ಥ: ಸೂರ್ಯಕಿರಣ, ವಿಜಯ, ರಾಜಕುಮಾರಿ. ಜನಪ್ರಿಯತೆ: ತುಂಬ ಅಪರೂಪ.'

ದಿಶಾ ಅದರ ಮೇಲಿನ ಹೆಸರು ನೋಡಿದಳು. ಅದರ ಅರ್ಥವೂ ರಾಜಕುಮಾರಿ. ಕೆಳಗಿನದೂ ರಾಜಕುಮಾರಿ. ಆ ವೆಬ್‌ಸೈಟಿನ ರಾಜರಿಗೆ ಹೆಣ್ಣುಮಕ್ಕಳ ಬರವೇ ಇರಲಿಲ್ಲ. ಪುಟದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು: 'ಈ ಪುಟ ನೋಡಿದವರು: ಹನ್ನೆರಡು ಲಕ್ಷ.'

ಅಪ್ಪ ತಲೆ ಒರೆಸುತ್ತಾ ಹೊರಗೆ ಬಂದರು. "ನೋಡಿದ್ಯಾ? ನೋಡಿದ್ಯಲ್ಲ!"

"ಅಪ್ಪಾ, ಇದನ್ನ ಹನ್ನೆರಡು ಲಕ್ಷ ಜನ ನೋಡಿದ್ದಾರೆ."

"ನೋಡಿದವರೆಲ್ಲ ಇಡ್ತಾರಾ?"

"ನೀವೂ ನೋಡಿದ್ರಿ. ಇಡ್ತಾ ಇದ್ದೀರಲ್ಲ?"

ಅಪ್ಪ ಫೋನ್ ಕಿತ್ತುಕೊಂಡರು. "ಹೋಗು, ಹೋಂವರ್ಕ್ ಮಾಡು."

ಉತ್ತರ ಗೊತ್ತಿಲ್ಲದಾಗ ದೊಡ್ಡವರಿಗೆ ಹೋಂವರ್ಕ್ ನೆನಪಾಗುತ್ತದೆ.

ದಿಶಾಳಿಗೆ ಸುಮ್ಮನಿರಲು ಆಗಲಿಲ್ಲ. ಅವಳ ಕ್ಲಾಸಿನಲ್ಲಿ ಮೂವರು ದಿಶಾ ಇದ್ದರು. ದಿಶಾ ಎಂ, ದಿಶಾ ನಾಯರ್ ಮತ್ತು ಇವಳು, ದಿಶಾ ಜೇ. ಹೆಸರು ಕರೆದು ಕರೆದು ಸುಸ್ತಾಗಿ ಟೀಚರ್ ಇವಳನ್ನು ಬರೀ 'ಜೇ' ಎನ್ನುತ್ತಿದ್ದರು. ಕಳೆದ ತಿಂಗಳು ಡ್ರಾಯಿಂಗ್‌ನಲ್ಲಿ ಇವಳಿಗೆ ಫಸ್ಟ್ ಪ್ರೈಜ್ ಬಂತು. ಮೈಕಿನಲ್ಲಿ "ದಿಶಾ" ಎಂದದ್ದೇ ತಡ, ದಿಶಾ ನಾಯರ್ ಓಡಿಹೋಗಿ ಸ್ಟೇಜ್ ಹತ್ತಿದಳು. ತಪ್ಪು ಗೊತ್ತಾಗುವಷ್ಟರಲ್ಲಿ ಫೋಟೊ ತೆಗೆದಾಗಿತ್ತು. "ಸಾರಮಿಲ್ಲ ಮೋಳೇ, ಪರವಾಗಿಲ್ಲ, ಪ್ರೈಜ್ ಸಿಕ್ತಲ್ಲ" ಎಂದರು ಟೀಚರ್. ಆ ಫೋಟೊ ಈಗಲೂ ಸ್ಕೂಲಿನ ಗೋಡೆಯ ಮೇಲಿದೆ. ಇವಳ ಚಿತ್ರ ಹಿಡಿದುಕೊಂಡು ದಿಶಾ ನಾಯರ್ ನಗುತ್ತಿದ್ದಾಳೆ.

ತಂಗಿಗೂ ಹಾಗೇ ಆಗಬೇಕಾ?

ಬಾಲ್ಕನಿಯಲ್ಲಿ ಅಜ್ಜಿ ನಾಳೆಯ ಪಾಯಸಕ್ಕೆ ಒಣದ್ರಾಕ್ಷಿಯ ತೊಟ್ಟು ಕೀಳುತ್ತಾ ಕೂತಿದ್ದರು. ಅಪ್ಪನ ಅಮ್ಮ ಸುಶೀಲಜ್ಜಿ, ಪಾಪು ನೋಡಿಕೊಳ್ಳಲು ಕಾಸರಗೋಡಿನಿಂದ ಬಂದಿದ್ದರು. ತ್ರಿಪ್ಪುಣಿತ್ತುರದ ಈ ಫ್ಲ್ಯಾಟು ಅವರಿಗೆ ಬೆಂಕಿಪೊಟ್ಟಣದ ಹಾಗೆ ಕಾಣುತ್ತಿತ್ತು. ಅದನ್ನು ದಿನಕ್ಕೊಮ್ಮೆ ಹೇಳುತ್ತಲೂ ಇದ್ದರು.

"ಅಜ್ಜೀ, ಯಾರಿಗೂ ಇಲ್ಲದ ಹೆಸರು ನಿಮಗೆ ಗೊತ್ತುಂಟಾ?"

"ಯಾರಿಗೂ ಇಲ್ಲದ್ದಾ? ನನ್ನಮ್ಮನದ್ದು. ಪೂವಕ್ಕ."

"ಒರಿಜಿನ್ ಎಂತ?"

"ಒರಿಜಿನ್ನೂ ಇಲ್ಲ, ಮಣ್ಣೂ ಇಲ್ಲ. ಅವಳ ಅಜ್ಜಿಯೂ ಪೂವಕ್ಕ. ಅದನ್ನೇ ಇವಳಿಗೆ ಇಟ್ರು. ಪೂ ಅಂದ್ರೆ ಹೂವು. ತುಳುವಿನವರಿಗೂ ಗೊತ್ತಾಗ್ತದೆ, ಈ ಮಲಯಾಳದವರಿಗೂ ಗೊತ್ತಾಗ್ತದೆ. ನಿನ್ನಪ್ಪನಿಗೊಬ್ಬನಿಗೆ ಗೊತ್ತಾಗುದಿಲ್ಲ."

"ಮತ್ತೆ ಈಗ ಯಾಕೆ ಯಾರಿಗೂ ಇಲ್ಲ?"

ಅಜ್ಜಿ ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡರು. "ಆಗ ನಮ್ಮ ಕಡೆ ಮನೆಗೊಬ್ಬಳು ಪೂವಕ್ಕ ಇದ್ಲು ಮಾರಾಯ್ತಿ. ಮತ್ತೆ ಎಲ್ಲರಿಗೂ ನಾಚಿಕೆ ಆಯ್ತು. ಬಿಟ್ರು. ನನ್ನಮ್ಮನೇ ಕೊನೆಯವಳೋ ಏನೋ. ನಿನ್ನಪ್ಪ ಸಣ್ಣವನಿರುವಾಗ ಅವಳ ಸೆರಗೇ ಬಿಡ್ತಿರ್ಲಿಲ್ಲ. 'ಪೂವಜ್ಜಿ, ಪೂವಜ್ಜಿ' ಅಂತ ಹಿಂದೆಯೇ."

ದಿಶಾ ಅಮ್ಮನ ಫೋನಿನಲ್ಲಿ ಅದೇ ವೆಬ್‌ಸೈಟ್ ತೆರೆದು 'ಪೂವಕ್ಕ' ಎಂದು ಹುಡುಕಿದಳು. 'ಕ್ಷಮಿಸಿ, ಅಂಥ ಹೆಸರಿಲ್ಲ' ಎಂದು ಬಂತು. ಅವಳು ಅಪ್ಪನ ಹತ್ತಿರ ಓಡಿದಳು.

"ಅಪ್ಪಾ, ಇದು ನಿಜವಾದ ಅಪರೂಪ! ಸೈಟಲ್ಲಿ ಕೂಡ ಇಲ್ಲ!"

ಅಪ್ಪ ನೋಡಿದರು. ಆ ಹೆಸರಿನ ಮೇಲೆ ಬೆರಳಿನಿಂದ ಒಮ್ಮೆ ಸವರಿದರು. ಆಮೇಲೆ ಮುಖ ಸಿಂಡರಿಸಿದರು. "ಸೈಟಲ್ಲೇ ಇಲ್ಲದ ಹೆಸರು ಎಂತಕ್ಕೆ? ಅಪರೂಪದ ಹೆಸರು ಅಂದ್ರೆ ಅಪರೂಪದ ಲಿಸ್ಟಲ್ಲಿ ಇರ್ಬೇಕು. ಮತ್ತೆ, ನಿನಗಿಂತ ಸಣ್ಣವಳನ್ನ ನೀನು ಅಕ್ಕ ಅಂತ ಕರಿತೀಯಾ? ಜನ ನಗ್ತಾರೆ."

"ಜನ ನಗ್ಬಾರ್ದು, ಆದ್ರೆ ಜನರ ಹತ್ರ ಇರುವ ಹೆಸರೂ ಆಗ್ಬಾರ್ದು. ಹಾಗಾ?"

"ಹೋಂವರ್ಕ್!"

ಮರುದಿನ ಫ್ಲ್ಯಾಟಿನ ಹಾಲ್ ತುಂಬಿತು. ಗೋಡೆಯ ಮೇಲೆ ಬಂಗಾರದ ಬಣ್ಣದ ಬಲೂನ್ ಅಕ್ಷರಗಳು, ಅದರ ಮೇಲೊಂದು ಪರದೆ. ಕೇಕಿನ ಡಬ್ಬಕ್ಕೆ ಸುತ್ತಲೂ ಟೇಪ್. ತಿರುವನಂತಪುರದಿಂದ ನಿತ್ಯಾನಂದ ಮಾವ ಬೆಳಗಿನ ಟ್ರೇನಿಗೇ ಬಂದಿದ್ದರು. ಅವರು ಅಮ್ಮನ ಅಣ್ಣ, ವಕೀಲರು. ಯಾರೂ ಕೇಳದಿದ್ದರೂ ಸಾಕ್ಷಿ ಹೇಳುವ ಅಭ್ಯಾಸ ಅವರಿಗೆ.

ಇಲ್ಲಿನ ಮಲಯಾಳಿಗಳು ಇಪ್ಪತ್ತೆಂಟನೇ ದಿನ ಹೆಸರಿಡುವ ಹಾಗೆಯೇ, ಪಾಪುವನ್ನು ಅಜ್ಜಿಯ ಮಡಿಲಲ್ಲಿ ಮಲಗಿಸಿ ಅಪ್ಪನೂ ಶುರುಮಾಡಿದರು. ಪಾಪುವಿನ ಎಡಗಿವಿಗೆ ವೀಳ್ಯದೆಲೆ ಮುಚ್ಚಿ, ಬಲಗಿವಿಯಲ್ಲಿ ಮೂರು ಸಲ ಹೆಸರು ಪಿಸುಗುಟ್ಟಬೇಕು. ಆಮೇಲೆ ಎಲೆಯನ್ನು ಬಲಗಿವಿಗೆ ಹಿಡಿದು, ಎಡಗಿವಿಯಲ್ಲಿ ಮೂರು ಸಲ. ಅದೆಲ್ಲ ಮುಗಿದ ಮೇಲೆ ಜೋರಾಗಿ ಹೇಳಬೇಕು.

ಅಪ್ಪನಿಗೆ ಅಷ್ಟು ತಾಳ್ಮೆ ಎಲ್ಲಿ? ಬಲಗಿವಿ ಮುಗಿದದ್ದೇ ಎದ್ದು ಪರದೆ ಎಳೆದರು.

"ಝಿಯಾನ್ವಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ನಿತ್ಯಾನಂದ ಮಾವನೊಬ್ಬರು ತಟ್ಟಲಿಲ್ಲ. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಭಾವ, ಈ ಹೆಸರು ನಿಮಗೂ ಸಿಕ್ತಾ? ಮೊನ್ನೆ ನಮ್ಮ ಮನೆ ಹತ್ರ ಉಳ್ಳೂರಲ್ಲಿ ಮಕ್ಕಳ ಡಾಕ್ಟ್ರ ಹತ್ರ ಹೋಗಿದ್ದೆ. ನರ್ಸ್ ಬಾಗಿಲಲ್ಲಿ ನಿಂತು 'ಝಿಯಾನ್ವಿ' ಅಂತ ಕರೆದ್ಲು. ಮೂವರು ಅಮ್ಮಂದಿರು ಒಟ್ಟಿಗೇ ಎದ್ರು! ಒಳಗೆ ಹೋಗ್ಲಿಕ್ಕೆ ಜಗಳವೇ ಆಯ್ತು."

ಗೋಡೆಯ ಮೇಲೆ ಒಂದು ಬಲೂನ್ ಪುಸ್ಸೆಂದಿತು.

ಅಪ್ಪನ ಕಿವಿ ಕೆಂಪಾಯಿತು. "ಅದು... ಬೇರೆ ಸ್ಪೆಲ್ಲಿಂಗ್ ಇರ್ಬೇಕು."

"ಈಗಲೂ ಬದಲಿಸ್ಬಹುದು" ಎಂದಳು ಅಮ್ಮ ಮೆಲ್ಲಗೆ.

"ಹೇಗೆ ಬದಲಿಸುದು? ಕೇಕ್ ಮೇಲೆ ಬರೆಸಿ ಆಗಿದೆ!"

ಒಂದು ಮಗು ಜೀವನವಿಡೀ ಹೊತ್ತು ತಿರುಗಬೇಕಾದ ಹೆಸರನ್ನು ಒಂದು ಕಿಲೋ ಕೇಕ್ ತೀರ್ಮಾನ ಮಾಡಿಬಿಟ್ಟಿತು. ಜನ ಕೇಕಿನ ಕಡೆ ನುಗ್ಗಿದರು. ಪಾಪು ಅಜ್ಜಿಯ ಮಡಿಲಲ್ಲೇ ಉಳಿಯಿತು.

"ಏ ಮಗಾ" ಎಂದರು ಅಜ್ಜಿ. "ಒಂದು ಕಿವಿ ಬಾಕಿ ಉಂಟು."

ಅಪ್ಪ ತಿರುಗಿ ಕೂಡ ನೋಡಲಿಲ್ಲ. "ದಿಶಾ, ನೀನೇ ಹೇಳಿಬಿಡು."

ಅಜ್ಜಿ ಎಲೆಯನ್ನು ಬಲಗಿವಿಗೆ ಹಿಡಿದರು. ಅವರ ಕಣ್ಣು ಸೀಲಿಂಗ್ ಫ್ಯಾನಿನ ಮೇಲಿತ್ತು. ಏನೂ ಗೊತ್ತಿಲ್ಲದವರ ಹಾಗೆ.

ದಿಶಾ ಬಗ್ಗಿದಳು. ಪಾಪುವಿನ ಕಿವಿಗೆ ಹಾಲಿನ ವಾಸನೆ ಇತ್ತು. ಅವಳು ಮೂರು ಸಲ ಪಿಸುಗುಟ್ಟಿದಳು. ಝಿಯಾನ್ವಿ ಎಂದಲ್ಲ.

ಕೆಲವು ವಾರಗಳ ಮೇಲೆ ಪಾಪುವಿಗೆ ಇಂಜೆಕ್ಷನ್. ತ್ರಿಪ್ಪುಣಿತ್ತುರದ ಕ್ಲಿನಿಕ್ಕಿಗೆ ಎಲ್ಲರೂ ಹೋದರು. ಕುರ್ಚಿಗಳೆಲ್ಲ ತುಂಬಿದ್ದವು.

"ಝಿಯಾನ್ವಿ!" ನರ್ಸ್ ಕರೆದಳು.

ಅಪ್ಪ ಎದ್ದರು. ಆ ಕಡೆ ಸಾಲಿನಲ್ಲಿ ಇನ್ನೊಬ್ಬ ಅಪ್ಪನೂ ಎದ್ದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಒಂದೇ ಅಂಗಡಿಯ ಶರ್ಟ್ ಹಾಕಿಕೊಂಡು ಮದುವೆಗೆ ಬಂದವರ ಹಾಗೆ.

ನರ್ಸ್ ಚೀಟಿ ನೋಡಿದಳು. "ಝಿಯಾನ್ವಿ ಎಸ್? ಝಿಯಾನ್ವಿ ಜೇ?"

"ಜೇ" ಎಂದರು ಅಪ್ಪ. ಅವರು ದಿಶಾಳ ಕಡೆ ನೋಡಿದರು. ದಿಶಾ ತನ್ನ ಚಪ್ಪಲಿ ನೋಡಿದಳು.

ಸೂಜಿ ಚುಚ್ಚಿದಾಗ ಪಾಪು ಕಿರುಚಿದ್ದು ರಸ್ತೆಯವರೆಗೂ ಕೇಳಿಸಿರಬೇಕು. ಹೊರಗಿನ ಹಾಲಿಗೆ ಬಂದರೂ ಅಳು ನಿಲ್ಲಲಿಲ್ಲ. "ಝಿಯಾನ್ವೀ, ಝಿಯಾನ್ವೀ" ಎಂದು ಅಮ್ಮ ತೂಗಿದಳು. ಅತ್ತ ಸಾಲಿನ ಝಿಯಾನ್ವಿಯ ಅಮ್ಮ ತಿರುಗಿ ನೋಡಿದಳು.

ದಿಶಾ ಪಾಪುವಿನ ಎಡಗಿವಿಯ ಹತ್ತಿರ ಬಾಯಿ ಇಟ್ಟಳು. ಆದರೆ ಅಷ್ಟು ಅಳುವಿನಲ್ಲಿ ಪಿಸುಮಾತು ಯಾರಿಗೆ ಕೇಳಬೇಕು? ಜೋರಾಗಿಯೇ ಕರೆದಳು.

"ಪೂವಕ್ಕಾ!"

ಅಷ್ಟು ದೊಡ್ಡ ಹಾಲಿನಲ್ಲಿ ಒಬ್ಬ ಅಮ್ಮನೂ ಏಳಲಿಲ್ಲ. ಒಂದು ಮಗುವೂ ತಿರುಗಲಿಲ್ಲ. ಪಾಪು ಕೂಡ ಅಳು ನಿಲ್ಲಿಸಲಿಲ್ಲ.

ತಿರುಗಿದ್ದು ಅಪ್ಪ ಒಬ್ಬರೇ. ಯಾರೋ ಹಿಂದಿನಿಂದ ಬಂದು ತಲೆ ಸವರಿದ ಹಾಗೆ ತಿರುಗಿದರು.

ಈಗ ಬೈತಾರೆ ಎಂದುಕೊಂಡಳು ದಿಶಾ. ಅಪ್ಪ ಬೈಯಲಿಲ್ಲ. ಪಾಪುವನ್ನು ಅಮ್ಮನಿಂದ ಎತ್ತಿಕೊಂಡು ಹೆಗಲಿಗೆ ಹಾಕಿಕೊಂಡರು. ಎಡಗಿವಿ ದಿಶಾಳ ಕಡೆಗೇ ಬರುವ ಹಾಗೆ.

"ಎಂತ ಕರೆದೆ?" ಎಂದು ಕೇಳಿದರು.

ಕೇಳಿಸದೆ ಕೇಳಿದ್ದಲ್ಲ ಎಂದು ದಿಶಾಳಿಗೆ ಗೊತ್ತಾಯಿತು. ಅವಳು ಇನ್ನೊಮ್ಮೆ ಕರೆದಳು.