ನಿಮ್ಮ ತಾಯೀದು ಮುಗೀತು

"ಹಲೋ, ಆಸ್ಪತ್ರೆಯಿಂದ ಮಾತಾಡ್ತಿರೋದು. ನಿಮ್ಮ ತಾಯೀದು ಮುಗೀತು. ಬಂದು ಸೈನ್ ಮಾಡಿ ಹೋಗಿ."

ಅಷ್ಟು ಹೇಳಿ ಕೌಂಟರಿನ ಹುಡುಗಿ ಫೋನ್ ಇಟ್ಟಳು. ಇನ್ನೊಂದು ಮಾತಾಡಿದರೆ ದನಿ ನಡುಗೀತೆಂಬ ಭಯ. ಬಿಲ್ಲಿಂಗ್ ಕೌಂಟರಿನಲ್ಲಿ ಎಲ್ಲರೂ ಮಾತಾಡುವುದೇ ಹೀಗೆ. ಇಂಥವರದು ಮುಗೀತು ಎಂದರೆ ಅವರ ಇನ್ಶೂರೆನ್ಸ್ ಮುಗೀತು, ಇನ್ನು ಮೇಲೆ ಬಿಲ್ಲು ಅವರ ಕೈಯಿಂದಲೇ ಎಂದರ್ಥ. ಹೊರಗಿನವರಿಗೆ ಅದು ಹೇಗೆ ಕೇಳಿಸುತ್ತದೆ ಎನ್ನುವುದು ಆ ಮಹಾರಾಯ್ತಿಗೆ ಹೊಳೆಯಬೇಕಲ್ಲ!

ಸ್ವಲ್ಪ ಹೊತ್ತಿಗೆ ಫೋನಿನ ಆ ಕಡೆಯಿದ್ದ ಕಟಿಂಗ್ ಅಂಗಡಿಯವನು ಏದುಸಿರು ಬಿಡುತ್ತ ಓಡಿ ಬಂದ. ಕೈಯಲ್ಲಿ ಬಾಚಣಿಗೆ, ಅಂಗಿ ತುಂಬ ಯಾರದೋ ಕೂದಲು, ಕಾಲಲ್ಲಿ ಒಂದೇ ಚಪ್ಪಲಿ. ಲಕ್ವ ಹೊಡೆದ ಅಮ್ಮನನ್ನು ನೋಡಲು ದಿನಾ ಬರುವವನು, ಕೌಂಟರಿನ ಗಾಜಿನಲ್ಲಿ ಕ್ರಾಪು ಸರಿಮಾಡಿಕೊಳ್ಳುವ ನೆಪದಲ್ಲಿ ಅವಳನ್ನೇ ನೋಡುತ್ತಿದ್ದ. ಅವಳು ಕಣ್ಣೆತ್ತಿದರೆ ಸಾಕು, ಫ್ಯಾನ್ ತಿರುಗುತ್ತಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದ. ಆ ಶೋಕಿಯ ಆಸಾಮಿ ಇವನೇನಾ ಎನ್ನಿಸಿತು.

"ಯಾವಾಗ ಮೇಡಂ? ಬೆಳಿಗ್ಗೆ ನಾನೇ ತಲೆ ಬಾಚಿ ಹೋಗಿದ್ದೆನಲ್ಲ... ನಗ್ತಿದ್ಲು..." ಎನ್ನುತ್ತ ಅವನು ಕೌಂಟರಿಗೆ ಹಣೆಯಿಟ್ಟು ಬಿಕ್ಕತೊಡಗಿದ.

ಅವಳು ಗಾಜಿಗೆ ಮುಖವಿಟ್ಟು ಕೂಗಿದಳು.

"ಅಯ್ಯಯ್ಯೋ! ಇನ್ಶೂರೆನ್ಸ್ ರೀ! ಮುಗಿದಿದ್ದು ಇನ್ಶೂರೆನ್ಸು! ಅಮ್ಮ ಚೆನ್ನಾಗಿದಾರೆ, ಒಳಗೆ ನಡೆಯೋದು ಕಲೀತಿದಾರೆ!"

ಅವನು ತಲೆಯೆತ್ತಿದ. ಅಳುತ್ತಲೇ ನಕ್ಕ. ನಗುತ್ತ ಗಾಜಿನ ಕಿಂಡಿಯೊಳಗೆ ಕೈ ತೂರಿಸಿ ಅವಳ ಕೈ ಹಿಡಿದುಕೊಂಡ, ಬಿಡುವುದನ್ನು ಮರೆತೇಬಿಟ್ಟ.

"ಅರ್ಧ ಗಡ್ಡ ಬೋಳಿಸಿ ಗಿರಾಕೀನ ಹಾಗೇ ಬಿಟ್ಟು ಬಂದೆ ಕಣ್ರೀ!"

ಅವಳಿಗೂ ನಗು ಬಂತು. ಆ ಬೆಚ್ಚನೆಯ ಕೈ ಹಾಗೇ ಇರಲಿ ಎನ್ನಿಸಿತು. ಆದರೆ ಹೇಳಬೇಕಾದದ್ದು ಇನ್ನೂ ಬಾಕಿ ಇತ್ತು.

"ಇಲ್ಲೇ ಇಟ್ಕೊಳ್ಳೋದಾದ್ರೆ ನಾಳೆಯಿಂದ ಪೂರ್ತಿ ಬಿಲ್ಲು ನಿಮ್ಮದೇ. ಅದಕ್ಕೆ ಒಪ್ಪಿ ಸೈನ್ ಮಾಡ್ಬೇಕು."

ಅವನ ಮುಖ ಬಿಳಿಚಿಕೊಂಡಿತು. "ನಾಳೆಯಿಂದಾನೇ? ಮೊದಲೇ ಒಂದು ಮಾತು ಹೇಳಬಾರದಿತ್ತಾ? ಈಗಷ್ಟೇ ಹೆಜ್ಜೆ ಇಡ್ತಿದಾಳೆ."

"ಹೋದ ವಾರವೇ ಮುಗಿದಿತ್ತು. ಹೇಳಬೇಕಾದವಳು ನಾನೇ. ಹೇಳಲಿಲ್ಲ." ಅವಳು ತಲೆ ತಗ್ಗಿಸಿದಳು. "ತಿಳಿಸದೆ ಬಿಲ್ ಹಾಕೋ ಹಾಗಿಲ್ಲ, ಆ ದಿನಗಳದ್ದು ನಿಮ್ಮ ತಲೆಗೆ ಬರಲ್ಲ. ಮ್ಯಾನೇಜರ್ ಹತ್ರ ಚೆನ್ನಾಗಿ ಉಗಿಸಿಕೊಂಡೂ ಆಯ್ತು."

"ಅದಲ್ಲ ರೀ. ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅಮ್ಮನ್ನ ಕರ್ಕೊಂಡು ಹೋಗಿಬಿಡ್ತಿದ್ರಿ. ಆಮೇಲೆ ನಿಮ್ಮನ್ನ ನಾನೆಲ್ಲಿ ನೋಡ್ಲಿ?"

ಮಾತು ಜಾರಿಯೇಹೋಯಿತು. ಸಿಡಿಲು ಬಡಿದವನಂತೆ ನಿಂತ ಅವನು ಮೆಲ್ಲನೆ ಕೈ ಬಿಡಿಸಿಕೊಂಡು, ಅಮ್ಮನಿದ್ದ ಕಡೆ ಹೊರಟುಹೋದ.

ಮುಗಿಯಿತು ಕಥೆ ಎಂದುಕೊಂಡಳು. ಅವರ ಕಷ್ಟದ ಹೊತ್ತಿನಲ್ಲಿ ತನ್ನ ಹುಚ್ಚೊಂದು ಕೇಡು! ಅಷ್ಟರಲ್ಲಿ ಅವನು ವಾಪಸು ಬಂದ.

"ನಾನು ಸೈನ್ ಮಾಡಲ್ಲ. ಇವತ್ತೇ ಮನೆಗೆ ಕರ್ಕೊಂಡು ಹೋಗ್ತೀನಿ."

ಅವಳ ಕಣ್ಣು ತುಂಬಿ ಬಂತು. "ಸರಿ."

"ಅಮ್ಮನ್ನ ಮನೇಲಿ ನಡೆಸೋದು ಹೇಗೆ ಅಂತ ನರ್ಸು ತೋರಿಸಿಕೊಡ್ತಾರಂತೆ. ಎರಡೂ ಕಡೆ ಒಬ್ಬೊಬ್ರು ಹಿಡ್ಕೋಬೇಕಂತೆ. ನಾನು ಒಬ್ಬನೇ. ಸ್ವಲ್ಪ ಬರ್ತೀರಾ?"

ಅವಳು ಕಣ್ಣೊರೆಸಿಕೊಂಡು ಹೋದಳು. ಅಮ್ಮನ ಬಲಗಡೆ ಅವನು ಹಿಡಿದ, ಎಡಗಡೆ ಅವಳು. ಅಮ್ಮ ಕತ್ತು ತಿರುಗಿಸಿ ನೋಡಿದಳು.

"ಯಾರೋ ಈ ಹುಡುಗಿ?"

"ಬಿಲ್ ಕೌಂಟರಿನವರಮ್ಮ."

"ದುಡ್ಡು ಕೇಳೋಕೆ ಬಂದ್ಲಾ?"

"ಇಲ್ಲಮ್ಮ. ನಮ್ಮನೆಗೆ ಬರ್ತೀರಾ ಅಂತ ನಾನೇ ಅವರನ್ನ ಕೇಳೋಣ ಅಂತ."

ಅವಳ ಕಾಲು ಅಲ್ಲೇ ಕಂಬವಾಯಿತು. ಅಮ್ಮನ ತೋಳಿನ ಮೇಲಿನ ಹಿಡಿತ ಸಡಿಲವಾಯಿತು. ಅವನು ಮಾತ್ರ ಕೆಂಪಗಾದ ಮುಖದಲ್ಲಿ ಫ್ಯಾನ್ ನೋಡದೆ ನೇರ ಅವಳನ್ನೇ ನೋಡುತ್ತಿದ್ದ.

"ಗಟ್ಟಿಯಾಗಿ ಹಿಡ್ಕೊಳ್ಳೇ ಹುಡುಗಿ, ಬಿದ್ದುಗಿದ್ದೇನು," ಎಂದಳು ಅಮ್ಮ.

"ಹಿಡ್ಕೊಂಡಿದೀನಿ ಅತ್ತೆ," ಎಂದಳು ಅವಳು.