ಅರಮನೆಗೆ ಬಂದ ಭೇರಿ

ಕೇತಲಾಪುರದ ಮೂಡಣ ಮಹಾದ್ವಾರದ ವೈಭವವನ್ನು ಏನೆಂದು ಹೇಳೋಣ! ಏಳಾಳೆತ್ತರದ ಕಲ್ಲುಕಮಾನು, ನೆತ್ತಿಯಲ್ಲಿ ಹೊಂಬಣ್ಣದ ಧ್ವಜ, ಕೆಳಗೆ ಹೂವಾಡಿಗರ, ಗಂಧಿಗರ, ಕುದುರೆ ವರ್ತಕರ ಗದ್ದಲ. ಆ ವೈಶಾಖದಲ್ಲಿ ಮಾತ್ರ ಅಲ್ಲಿ ಇನ್ನೊಂದು ವಿಚಿತ್ರವೂ ಕಾಣುತ್ತಿತ್ತು: ಬಾಗಿಲ ಎಡಬದಿಗೆ ಸೊಂಟದೆತ್ತರಕ್ಕೆ ಬಿದ್ದಿದ್ದ ಅಡಕತ್ತರಿಗಳ ರಾಶಿ. ನಗಬೇಡಿ. ಮುಖಕ್ಕೆ ಮುಸುಕು ಬಿಗಿದು ಘಟ್ಟದ ಸಂತೆಗಳಿಗೆ ನುಗ್ಗಿ, ಹೆಂಗಸರು ಮಕ್ಕಳೆನ್ನದೆ ಕಡಿದು ಮಾಯವಾಗುತ್ತಿದ್ದ ಪಾತಕಿಗಳನ್ನು ಅಡಗಿಸಲು ಪ್ರಧಾನ ಗೋಪರಸರು ಕಂಡುಹಿಡಿದ ಮಹೋಪಾಯ ಅದು. ರಾಜಧಾನಿಗೆ ಬರುವವರ ಬಳಿ ಅಲಗಿರುವ ಯಾವ ವಸ್ತುವೂ ಇರಕೂಡದಂತೆ! ಮುಸುಕಿನವರು ರಾಜಧಾನಿಯತ್ತ ಒಮ್ಮೆಯೂ ಸುಳಿದವರಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಡಲಿಲ್ಲ.

ಘಟ್ಟದ ಕಾವಲಿನ ಮುಖ್ಯಸ್ಥ ಮಾಚಯ್ಯ ನಾಯಕನೂ ತನ್ನ ಅಡಕತ್ತರಿಯನ್ನು ಆ ರಾಶಿಗೆ ಎಸೆದು ಆಸ್ಥಾನಕ್ಕೆ ನಡೆದ. ಅವನ ಮಡಿಲಲ್ಲಿ ತಮ್ಮ ಹೊನ್ನನ ಓಲೆಯಿತ್ತು. ಕರಡಿಕಣಿವೆಯ ಕಾವಲುಗೋಪುರದಲ್ಲಿದ್ದ ಅರವತ್ತು ಮಂದಿಯನ್ನು ಪ್ರಧಾನರು ಅರಮನೆಯ ಪಹರೆಗೆ ಕರೆಸಿಕೊಂಡಿದ್ದರು, ಉಳಿದವನು ಹೊನ್ನನೊಬ್ಬನೇ. ಅದೂ ಸಾಲದೆಂದು ಗೋಪುರದ ದೊಡ್ಡ ಭೇರಿಯನ್ನೂ ಎತ್ತಿನ ಗಾಡಿಯಲ್ಲಿ ತರಿಸಿ ಅರಮನೆಯಂಗಳದಲ್ಲಿ ಪ್ರತಿಷ್ಠಾಪಿಸಿದ್ದರು. ಆ ಭೇರಿ ಮೂರು ಸಲ ಮೊಳಗಿದರೆ ಕೆಳಗಿನ ತೊರೆಸಂತೆಯ ಜನ ಸರಕನ್ನು ಬಿಟ್ಟು, ತೊರೆ ದಾಟಿ ಬಂಡೆಗಳ ಮರೆ ಸೇರಬೇಕೆಂಬುದು ಅಜ್ಜಂದಿರ ಕಾಲದ ಕಟ್ಟಳೆ.

"ಮಹಾಪ್ರಭು, ಬರುವ ಸೋಮವಾರ ತೊರೆಸಂತೆಯ ಮೇಲೆ ಮುಸುಕಿನವರು ಬೀಳುವರೆಂದು ನನ್ನ ತಮ್ಮ ಬರೆದಿದ್ದಾನೆ" ಎಂದು ನಾಯಕ ಕೈಮುಗಿದ. "ಅರವತ್ತು ಮಂದಿ ಬೇಡ, ಹತ್ತು ಮಂದಿ ಸಾಕು. ಅದೂ ಆಗದಿದ್ದರೆ ಭೇರಿಯನ್ನಾದರೂ ಹಿಂದಕ್ಕೆ ಕಳುಹಿಸಿಕೊಡಬೇಕು."

ಮಹಾರಾಜ ಸಿಂಗಭೂಪರು ಪ್ರಧಾನರ ಮುಖ ನೋಡಿದರು. ಎಂದಿನ ಅಭ್ಯಾಸ, ಬಿಡಿ.

"ನಾಯಕರೇ, ದಿನ, ಸ್ಥಳ ಎರಡೂ ನಿಮ್ಮ ತಮ್ಮನಿಗೆ ಇಷ್ಟು ಖಚಿತವಾಗಿ ತಿಳಿದದ್ದಾದರೂ ಹೇಗೆ?" ಗೋಪರಸರ ದನಿ ಬೆಣ್ಣೆಯಷ್ಟು ಮೃದುವಾಗಿತ್ತು. "ಪಾತಕಿಗಳೊಡನೆ ಅವನಿಗೇನು ನಂಟು?"

ನಾಯಕನ ಮೈಯೆಲ್ಲ ಉರಿದುಹೋಯಿತು.

"ಕಣಿವೆಯ ಕುರುಬರು ಹೇಳಿದ್ದು, ಪ್ರಧಾನರೇ. ಅವರು ಕಾಡಿನಲ್ಲಿ ಕಣ್ಣಾರೆ ಕಂಡದ್ದು."

"ಭೇರಿ ಈಗ ಪ್ರಭುಗಳ ರಕ್ಷಣೆಗೆ ಮೀಸಲು. ಪ್ರಭುಗಳಿಗಿಂತ ಸಂತೆ ಹೆಚ್ಚೆ?"

ಈ ಪ್ರಶ್ನೆಗೆ ಯಾವ ಸೇವಕ ತಾನೆ ಉತ್ತರ ಕೊಟ್ಟಾನು? ತಮ್ಮನ ವಿಚಾರಣೆ ಮುಗಿಯುವವರೆಗೆ ನಾಯಕನು ಊರು ಬಿಡಕೂಡದೆಂದು ಅಪ್ಪಣೆಯಾಯಿತು. 'ಸಂತೆ ನಿಲ್ಲಿಸು, ಆಗದಿದ್ದರೆ ನೀನಾದರೂ ಇಳಿದು ಬಾ' ಎಂದು ಅವನು ಬರೆದ ಓಲೆಯನ್ನು ದ್ವಾರಪಾಲಕರು ತಡೆದು ಪ್ರಧಾನರಿಗೊಪ್ಪಿಸಿದರು. ನಾಯಕನ ಅಪ್ಪಣೆಯಿಲ್ಲದೆ ಹೊನ್ನ ಸಂತೆ ನಿಲ್ಲಿಸುವಂತೆಯೂ ಇರಲಿಲ್ಲ, ಗೋಪುರ ಬಿಟ್ಟಿಳಿಯುವಂತೆಯೂ ಇರಲಿಲ್ಲ. ಅಯ್ಯೋ, ಆ ನಾಲ್ಕು ದಿನ ಅವನು ಅನ್ನ ಮುಟ್ಟಲಿಲ್ಲ.

ಸೋಮವಾರ ಬಿಸಿಲೇರುವ ಹೊತ್ತಿಗೆ ನಾಯಕ ಅರಮನೆಯ ಅಂಗಳದಲ್ಲಿ ಭೇರಿಯ ಪಕ್ಕದಲ್ಲೇ ನಿಂತಿದ್ದ. ಕರಡಿಕಣಿವೆಯ ಮೇಲಿನ ಮೂಡಣ ಬೆಟ್ಟದ ನೆತ್ತಿಯಲ್ಲಿ ಕಪ್ಪು ಹೊಗೆ ಎದ್ದಿತು. ಕಾವಲುಗೋಪುರವೇ ಹತ್ತಿ ಉರಿಯುತ್ತಿತ್ತು. ಎಚ್ಚರಿಸಲು ಬೇರೇನೂ ಇಲ್ಲದ ಹೊನ್ನ ತಾನು ನಿಂತ ಅಟ್ಟಕ್ಕೇ ಕಿಚ್ಚಿಟ್ಟಿದ್ದನೆಂದು ನಾಯಕನಿಗೆ ಆ ಕ್ಷಣವೇ ತಿಳಿಯಿತು. ಕೈಯಳತೆಯಲ್ಲಿ ಭೇರಿಯಿತ್ತು, ಬಾರಿಸಿ ಪ್ರಯೋಜನವೇನು! ಅದರ ಸದ್ದು ಅಷ್ಟು ದೂರ ಮುಟ್ಟುವಂಥದ್ದಲ್ಲ. ಅವನು ಅದರ ಚರ್ಮಕ್ಕೆ ಹಣೆಯಿಟ್ಟು ಅತ್ತುಬಿಟ್ಟ.

ಮರುದಿನ ಸುದ್ದಿ ಬಂತು. ಹೊಗೆ ಕಂಡ ನೂರಾರು ಜನ ತೊರೆ ದಾಟಿ ಬದುಕಿದ್ದರು. ತಲೆತಗ್ಗಿಸಿ ಚೌಕಾಸಿಯಲ್ಲಿ ಮುಳುಗಿದ್ದ ಹದಿನೇಳು ಮಂದಿಗೆ ಹೊಗೆ ಕಾಣಲಿಲ್ಲ, ಸದ್ದಾಗಿದ್ದರೆ ಕೇಳುತ್ತಿತ್ತು. ಬೆಂಕಿ ಕಂಡು ಮೇಲೇರಿ ಬಂದ ಮುಸುಕಿನವರನ್ನು ಮೆಟ್ಟಿಲಲ್ಲಿ ತಡೆದು ನಿಂತ ಹೊನ್ನ ಅಲ್ಲೇ ಹತನಾಗಿದ್ದ. ಮಹಾರಾಜರ ಕಣ್ಣು ಒದ್ದೆಯಾಯಿತು. ಹೊನ್ನನ ನಿಷ್ಠೆಯಲ್ಲಿ ಕಳಂಕವಿಲ್ಲವೆಂದು ಸಭೆಯಲ್ಲೇ ಸಾರಿ, 'ಗಿರಿರಕ್ಷಾಮಣಿ' ಎಂಬ ಬಿರುದನ್ನಿತ್ತು, ಸಂಸ್ಕಾರಕ್ಕೆಂದು ನಾಯಕನನ್ನು ಕಣಿವೆಗೆ ಕಳುಹಿಸಿದರು. ಭೇರಿಯನ್ನು ಕಳುಹಿಸಲಿಲ್ಲ.

ಮೂರನೆಯ ದಿನ ನಾಯಕ ಮಹಾದ್ವಾರಕ್ಕೆ ಮರಳಿದಾಗ ಒಳಗಿನಿಂದ ಭೇರಿಯ ಮೊಳಗು ಕೇಳಿಸಿತು. ಒಂದು, ಎರಡು, ಮೂರು.

"ಏನಯ್ಯ ಇದು?" ಎಂದ.

"ತಮ್ಮ ಸಹೋದರರ ಗೌರವಾರ್ಥ, ನಾಯಕರೇ" ಎಂದು ದ್ವಾರಪಾಲಕ ತಲೆಬಾಗಿದ. ಆಮೇಲೆ ಸಂಕೋಚದಿಂದ, "ತಪ್ಪು ತಿಳಿಯಬೇಡಿ. ಗೋಪುರ ಸುಟ್ಟ ಮೇಲೆ ಪ್ರಧಾನರ ಹೊಸ ಅಪ್ಪಣೆಯಾಗಿದೆ. ಚಕಮಕಿ ಕಲ್ಲೂ ಒಳಗೆ ಬರಕೂಡದು. ತಮ್ಮ ಬಳಿ ಏನಾದರೂ..." ಎಂದ.

ನಾಯಕನ ಮುಷ್ಟಿಯಲ್ಲಿ ಬೂದಿಯಿಂದ ಹೆಕ್ಕಿ ತಂದ ಹೊನ್ನನ ಚಕಮಕಿಯಿತ್ತು. ಮನೆಯ ಹೆಂಗಸರಿಗೆ ತೋರಿಸಲು ಅವನ ಬಳಿ ಉಳಿದಿದ್ದುದು ಅದೊಂದೇ. ಬೆರಳುಗಳು ಬಹಳ ಹೊತ್ತು ಬಿಚ್ಚಿಕೊಳ್ಳಲಿಲ್ಲ.

ದ್ವಾರಪಾಲಕ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಕಣ್ಣಿಗೊತ್ತಿ, ರಾಶಿಗೆ ಹಾಕಿದ.